ಫ್ರೋಡೊನ ಮೇಲೆ ಹೊರಿಸಿದ ಸೋಲು

ಟೋಲ್ಕಿನ್ ಅವರ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಓದಿದವರಲ್ಲಿ, ಅದಕ್ಕಿಂತ ಹೆಚ್ಚಾಗಿ ಅದರ ಸಿನಿಮಾ ನೋಡಿದವರಲ್ಲಿ, ಒಂದು ತೀರ್ಪು ಆಳವಾಗಿ ಬೇರುಬಿಟ್ಟಿದೆ: ಫ್ರೋಡೊ ಕಡೇ ಗಳಿಗೆಯಲ್ಲಿ ಸೋತ, ನಿಜವಾದ ನಾಯಕ ಅವನ ಜೊತೆಗಾರ ಸ್ಯಾಮ್. ಉಂಗುರವನ್ನು ಬೆಂಕಿಗೆ ಹಾಕಲೆಂದೇ ಹೊರಟವನು ಬೆಂಕಿಯ ಬಾಯಿಗೇ ಬಂದು ನಿಂತು, ಹಾಕುವುದಿಲ್ಲ, ಇದು ನನ್ನದು ಎಂದು ಬೆರಳಿಗೆ ತೊಟ್ಟುಕೊಂಡನಲ್ಲ, ಇನ್ನೇನು ಸಾಕ್ಷಿ ಬೇಕು ಎಂದು ಕೇಳುತ್ತಾರೆ. ಹಿಂದೆ ಉಂಗುರ ಇಟ್ಟುಕೊಂಡಿದ್ದ ಗೊಲಮ್ ಬಂದು ಬೆರಳು ಕಚ್ಚದಿದ್ದರೆ, ಕಾಲು ತಪ್ಪಿ ಬೀಳದಿದ್ದರೆ ಲೋಕವೆಲ್ಲ ಉಂಗುರ ಮಾಡಿದ ಶತ್ರು ಸೌರಾನನ ಪಾಲಾಗುತ್ತಿತ್ತು. ಲೋಕ ಉಳಿದದ್ದು ಅದೃಷ್ಟದಿಂದ, ಫ್ರೋಡೊನಿಂದಲ್ಲ ಎನ್ನುತ್ತಾರೆ. ಈ ತೀರ್ಪು ತಪ್ಪು. ಕಥೆಯನ್ನು ಓದುವುದರಲ್ಲಿ ಆದ ತಪ್ಪಷ್ಟೇ ಆಗಿದ್ದರೆ ಬಿಟ್ಟುಬಿಡಬಹುದಿತ್ತು. ಒಬ್ಬ ಮನುಷ್ಯನ ಮೇಲೆ ಹೊಣೆ ಹೊರಿಸುವುದು ಹೇಗೆ ಎಂಬಲ್ಲೇ ಇದು ಎಡವಿದೆ. ಆದ್ದರಿಂದ ಸುಮ್ಮನಿರಲಾಗದು.

ತೀರ್ಪು ಹೊಸದಲ್ಲ. ಪುಸ್ತಕ 1954 ಮತ್ತು 1955ರಲ್ಲಿ ಮೂರು ಸಂಪುಟಗಳಾಗಿ ಹೊರಬಂದ ಮೇಲೆ ಓದುಗರೊಬ್ಬರು ಟೋಲ್ಕಿನ್‌ಗೆ ಕೆಂಡಕಾರಿ ಬರೆದಿದ್ದರು: ಫ್ರೋಡೊನಿಗೆ ಸಲ್ಲಬೇಕಾದದ್ದು ಸನ್ಮಾನವಲ್ಲ, ದ್ರೋಹಿಗೆ ಕೊಡುವ ಮರಣದಂಡನೆ. 1981ರಲ್ಲಿ ಪ್ರಕಟವಾದ ಟೋಲ್ಕಿನ್ ಪತ್ರಗಳ ಸಂಗ್ರಹದಲ್ಲಿ ಈ ಪ್ರಸ್ತಾಪವಿದೆ. 2003ರಲ್ಲಿ ಬಂದ ಪೀಟರ್ ಜಾಕ್ಸನ್ ಅವರ ಮೂರನೆಯ ಸಿನಿಮಾ ಈ ಅಭಿಪ್ರಾಯಕ್ಕೆ ಇನ್ನಷ್ಟು ನೀರೆರೆಯಿತು. ಗೊಲಮ್‌ನ ಮಾತು ಕೇಳಿ ಫ್ರೋಡೊ ತನ್ನ ಸ್ಯಾಮ್‌ನನ್ನೇ ಮನೆಗೆ ಹೋಗೆಂದು ಅಟ್ಟುವ ದೃಶ್ಯ ಅದರಲ್ಲಿದೆ. ಪುಸ್ತಕದಲ್ಲಿ ಅಂಥದ್ದು ನಡೆಯುವುದೇ ಇಲ್ಲ. ಅಲ್ಲಿ ಶೀಲಾಬ್ ಎಂಬ ಹೆಜ್ಜೇಡದ ಗವಿಗೆ ಇಬ್ಬರೂ ಜೊತೆಯಾಗಿಯೇ ಹೋಗುತ್ತಾರೆ. ಇಲ್ಲದ ಕೃತಘ್ನತೆಯನ್ನು ಅವನ ತಲೆಗೆ ಕಟ್ಟಿ, ಆಮೇಲೆ ಅವನನ್ನು ದುರ್ಬಲ ಎನ್ನುವುದು ನ್ಯಾಯವಲ್ಲ.

ಹೊಣೆಯ ಪ್ರಶ್ನೆಗೆ ಬರೋಣ. ಮಾಡಲು ಸಾಧ್ಯವೇ ಇಲ್ಲದ ಕೆಲಸವನ್ನು ಮಾಡಲಿಲ್ಲವೆಂದು ಯಾರನ್ನಾದರೂ ದೂರಬಹುದೇ? ಫ್ರೋಡೊನ ವಿಚಾರದಲ್ಲಿ ಈ ಅಸಾಧ್ಯತೆಯನ್ನು ಟೋಲ್ಕಿನ್ ಕೊನೆಯಲ್ಲಿ ಹೊಸೆದದ್ದಲ್ಲ, ಕಥೆಯ ಎರಡನೆಯ ಅಧ್ಯಾಯದಲ್ಲೇ ಕಣ್ಣೆದುರು ಇಟ್ಟಿದ್ದಾರೆ. ಏಪ್ರಿಲ್ ತಿಂಗಳ ಒಂದು ಬೆಳಗ್ಗೆ ಫ್ರೋಡೊನ ಮನೆಯಲ್ಲಿ ಮಾಂತ್ರಿಕ ಗ್ಯಾಂಡಾಲ್ಫ್ ಉಂಗುರದ ಪೂರ್ವೋತ್ತರ ತಿಳಿಸಿ, ಅದನ್ನು ನಾಶಮಾಡಬೇಕೆಂದು ನಿಜಕ್ಕೂ ಅನಿಸಿದರೆ ಈಗಲೇ ಪ್ರಯತ್ನಿಸು ಎನ್ನುತ್ತಾನೆ. ಎದುರಿಗೆ ಮನೆಯ ಒಲೆಯ ಸಣ್ಣ ಬೆಂಕಿ. ಆ ಬೆಂಕಿಗೆ ಉಂಗುರ ಬಿಸಿಯೂ ಆಗುವುದಿಲ್ಲ ಎಂಬುದು ಆಗಲೇ ಗೊತ್ತಾಗಿದೆ. ಫ್ರೋಡೊ ಉಂಗುರವನ್ನು ಕೈಗೆ ತೆಗೆದುಕೊಳ್ಳುತ್ತಾನೆ, ತೂಗಿ ನೋಡುತ್ತಾನೆ, ಕೇಳಿದ್ದನ್ನೆಲ್ಲ ನೆನಪಿಗೆ ತಂದುಕೊಂಡು ಎಸೆಯಲು ಕೈ ಬೀಸುತ್ತಾನೆ. ನೋಡಿದರೆ ಉಂಗುರ ಮತ್ತೆ ಅವನ ಜೇಬಿನಲ್ಲಿದೆ. ಗ್ಯಾಂಡಾಲ್ಫ್ ಅದಕ್ಕೆ ಹೇಳುವುದಿಷ್ಟು: ನಿನ್ನ ಕೈಯಲ್ಲೂ ಆಗಲೇ ಇದು ಸಲೀಸಾಗಿ ಆಗುತ್ತಿಲ್ಲ, ಬಲವಂತ ಮಾಡಿದರೆ ನಿನ್ನ ಮನಸ್ಸೇ ಮುರಿದುಹೋಗುತ್ತದೆ.

ತನ್ನದೇ ಊರು, ತನ್ನದೇ ಮನೆ, ಹೊಟ್ಟೆತುಂಬ ಊಟ, ಪಕ್ಕದಲ್ಲಿ ಗೆಳೆಯ. ಅಲ್ಲೇ ಆಗದ್ದು ಶತ್ರುವಿನ ನಾಡಿನ ನಡುಮಧ್ಯದಲ್ಲಿ ಆಗಬೇಕಿತ್ತೆಂದು ಯಾವ ಲೆಕ್ಕದಲ್ಲಿ ನಿರೀಕ್ಷಿಸುತ್ತೇವೆ? ಜೇಡದ ವಿಷ ಮೈಗೇರಿ, ಶತ್ರುವಿನ ಸೈನಿಕರಾದ ಓರ್ಕ್‌ಗಳ ಕೈಗೆ ಸಿಕ್ಕಿ ಮೈಮೇಲಿನ ಬಟ್ಟೆ ಕಳೆದುಕೊಂಡು ಚಾಟಿಯೇಟು ತಿಂದು, ಅನ್ನ ನೀರಿಲ್ಲದೆ ಸೊರಗಿ, ಹುಲ್ಲು ಹೇಗಿತ್ತು, ನೀರಿನ ಸದ್ದು ಹೇಗಿತ್ತು ಎಂಬುದೇ ನೆನಪಿನಿಂದ ಅಳಿಸಿಹೋದ ಸ್ಥಿತಿಯಲ್ಲಿ ಅವನು ಉಂಗುರವನ್ನು ಹಾಕಬೇಕಾದ ಬೆಂಕಿಬೆಟ್ಟದ ಬುಡಕ್ಕೆ ಬರುತ್ತಾನೆ. ಉಂಗುರದ ಶಕ್ತಿ ಅತ್ಯಂತ ಹೆಚ್ಚಾಗಿರುವುದೂ ಅಲ್ಲೇ, ಅದು ಹುಟ್ಟಿದ ಜಾಗದಲ್ಲಿ. ಬೆಟ್ಟ ಹತ್ತುವಾಗಿನ ಒಂದು ಸಣ್ಣ ಘಟನೆಯನ್ನು ತೀರ್ಪುಗಾರರು ಗಮನಿಸುವುದೇ ಇಲ್ಲ. ಸೌರಾನನ ಕಣ್ಣಿನ ಬಿಸಿ ತಟ್ಟಿದಾಗ ಫ್ರೋಡೊನ ಕೈ ತಾನಾಗಿ ಕತ್ತಿನ ಸರಪಳಿಯತ್ತ ಸರಿಯತೊಡಗುತ್ತದೆ. ಅವನು ಸ್ಯಾಮ್‌ನನ್ನು ಕೂಗಿ, ನನ್ನ ಕೈ ಹಿಡಿದುಕೋ, ನನ್ನಿಂದ ತಡೆಯಲಾಗುತ್ತಿಲ್ಲ ಎಂದು ಬೇಡುತ್ತಾನೆ. ಸ್ಯಾಮ್ ಅವನ ಎರಡೂ ಅಂಗೈಗಳನ್ನು ಜೋಡಿಸಿ ತನ್ನ ಕೈಗಳ ನಡುವೆ ಹಿಡಿದುಕೊಳ್ಳುತ್ತಾನೆ. ತನ್ನ ಕೈಯ ವಿರುದ್ಧವೇ ಸಹಾಯ ಕೇಳುವವನ ಇಚ್ಛೆ ಯಾವ ಕಡೆಗಿತ್ತು ಎಂಬುದಕ್ಕೆ ಬೇರೆ ಪುರಾವೆ ಬೇಕಾಗಿಲ್ಲ.

ಕೊಟ್ಟ ಮಾತು ತಪ್ಪಿದ ಎಂಬ ಆರೋಪಕ್ಕೂ ಆಧಾರವಿಲ್ಲ. ರಿವೆಂಡೆಲ್‌ನಿಂದ ತಂಡ ಹೊರಡುವಾಗ ಅಲ್ಲಿನ ಒಡೆಯ ಎಲ್ರಾಂಡ್ ಉಂಗುರ ಹೊತ್ತವನಿಗೆ ವಿಧಿಸುವ ಕಟ್ಟಳೆಯನ್ನು ತೆರೆದು ನೋಡಿ. ಉಂಗುರವನ್ನು ದಾರಿಯಲ್ಲಿ ಬಿಸಾಡಕೂಡದು, ಶತ್ರುವಿನ ಕಡೆಯವರ ಕೈಗೆ ಒಪ್ಪಿಸಕೂಡದು, ತೀರಾ ಅನಿವಾರ್ಯವಾದಾಗ ತಂಡದವರಿಗೆ, ಸಭೆಯವರಿಗೆ ಬಿಟ್ಟು ಬೇರೆಯವರಿಗೆ ಮುಟ್ಟಗೊಡಕೂಡದು. ನೀನೇ ನಿನ್ನ ಕೈಯಾರೆ ಬೆಂಕಿಗೆ ಹಾಕತಕ್ಕದ್ದು ಎಂಬ ಷರತ್ತು ಅದರಲ್ಲಿಲ್ಲ. ಉಳಿದವರಿಗಂತೂ ಎಲ್ರಾಂಡ್ ಯಾವ ಆಣೆಯನ್ನೂ ಹಾಕುವುದಿಲ್ಲ. ನಿಮ್ಮ ಎದೆಯ ಬಲ ಎಷ್ಟೆಂದು ನಿಮಗೇ ಗೊತ್ತಿಲ್ಲ, ಕತ್ತಲೆ ಕಾಣದವನು ಕತ್ತಲಲ್ಲಿ ನಡೆಯುತ್ತೇನೆಂದು ಶಪಥ ಮಾಡುವುದು ಬೇಡ ಎನ್ನುತ್ತಾನೆ. ಎಲ್ರಾಂಡ್ ತಿಳಿದೇ ಹಾಗೆ ಹೇಳಿದ. ಅದೇ ಬೆಟ್ಟದ ಬಳಿ ಹಿಂದೊಮ್ಮೆ ಅವನ ಎದುರಿಗೇ ಇಸಿಲ್ಡೂರ್ ಎಂಬ ರಾಜ ಉಂಗುರವನ್ನು ನಾಶಮಾಡಲು ಒಪ್ಪದೆ ಇಟ್ಟುಕೊಂಡಿದ್ದ. ಗ್ಯಾಂಡಾಲ್ಫ್, ಎಲ್ಫ್‌ಗಳ ರಾಣಿ ಗಲಾಡ್ರಿಯೆಲ್ ಇಬ್ಬರೂ ಉಂಗುರವನ್ನು ತಮ್ಮದಾಗಿಸಿಕೊಳ್ಳಲು ಒಪ್ಪಲಿಲ್ಲ. ತೆಗೆದುಕೊಂಡರೆ ತಮ್ಮ ಗತಿ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು. ಇಷ್ಟು ದೊಡ್ಡವರು ಹೆದರಿ ಹಿಂದೆ ಸರಿದ ಜಾಗದಲ್ಲಿ ನಿಂತ, ಪುಟ್ಟ ಜನಾಂಗದ ಒಬ್ಬ ಹಾಬಿಟ್‌ನನ್ನು, ಕೊನೆಯ ಅರೆಕ್ಷಣದಲ್ಲಿ ಕುಸಿದನೆಂದು ನಾವು ಕುಳಿತಲ್ಲಿಂದಲೇ ಹಳಿಯುತ್ತೇವೆ. ಹಾಳುಬಾವಿಯ ವಿಷಗಾಳಿಗೆ ಸಿಕ್ಕಿ ಬಿದ್ದವರನ್ನು ಎತ್ತಲು ಇಳಿದವನು ತಳದಲ್ಲಿ ತಾನೂ ಪ್ರಜ್ಞೆ ತಪ್ಪಿದರೆ, ಮೇಲೆ ನಿಂತವರು ಅವನನ್ನು ಸೋತ ಎನ್ನುವುದಿಲ್ಲ.

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. ಆಗದು ಎಂದು ಗೊತ್ತಿದ್ದೂ ಒಪ್ಪಿಕೊಂಡದ್ದೇ ತಪ್ಪಲ್ಲವೇ, ಒಪ್ಪಿಕೊಂಡ ಮೇಲೆ ಬಂದದ್ದಕ್ಕೆಲ್ಲ ಅವನೇ ಹೊಣೆಯಲ್ಲವೇ? ಪ್ರಶ್ನೆ ಸರಿಯಾಗಿದೆ, ಏಕೆಂದರೆ ಹೊಣೆಯನ್ನು ಹುಡುಕಬೇಕಾದ ದಿಕ್ಕನ್ನು ಅದೇ ತೋರಿಸುತ್ತದೆ. ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಮೂರನೆಯ ಭಾಗದಲ್ಲಿ ಎರಡು ಮಾತು ಹೇಳಿದ್ದಾನೆ. ಕಲ್ಲನ್ನು ಬಿಟ್ಟ ಮೇಲೆ ಹಿಂದಕ್ಕೆ ಕರೆಯಲಾಗದು, ಆದರೆ ಬಿಡುವುದು ಬಿಡದಿರುವುದು ನಮ್ಮ ಕೈಯಲ್ಲಿತ್ತು ಎಂಬುದು ಒಂದು. ಮನುಷ್ಯಪ್ರಕೃತಿ ತಾಳಲಾರದ, ಯಾರೊಬ್ಬರೂ ಸಹಿಸಲಾರದ ಒತ್ತಡದಲ್ಲಿ ಮಾಡಬಾರದ್ದನ್ನು ಮಾಡಿದವನನ್ನು ಕ್ಷಮಿಸಬೇಕಾಗುತ್ತದೆ ಎಂಬುದು ಇನ್ನೊಂದು. ನಮ್ಮ ಕಾನೂನು ಕೂಡ ಈ ದಾರಿಯಲ್ಲೇ ನಡೆದಿದೆ. 1860ರ ಭಾರತೀಯ ದಂಡ ಸಂಹಿತೆಯ 94ನೇ ಕಲಮು, ಈಗ ಅದೇ ತತ್ವ ಭಾರತೀಯ ನ್ಯಾಯ ಸಂಹಿತೆಗೆ ಬಂದಿದೆ, ಜೀವಬೆದರಿಕೆಗೆ ಒಳಗಾಗಿ ಮಾಡಿದ ಕೃತ್ಯ, ಕೊಲೆಯಂಥ ಕೆಲವನ್ನು ಬಿಟ್ಟು, ಅಪರಾಧವಲ್ಲ ಎನ್ನುತ್ತಿತ್ತು. ಆದರೆ ಡಕಾಯಿತರೆಂದು ಗೊತ್ತಿದ್ದೂ ತಾನಾಗಿ ಅವರ ಗುಂಪು ಸೇರಿದವನಿಗೆ ಆ ರಕ್ಷಣೆ ಇಲ್ಲ. ಅಂದರೆ ಕುತ್ತಿಗೆಗೆ ಕತ್ತಿ ಬಂದ ಕ್ಷಣವನ್ನಷ್ಟೇ ನೋಡಿದರೆ ಸಾಲದು, ಆ ಕ್ಷಣಕ್ಕೆ ಅವನು ಬಂದು ಸೇರಿದ ದಾರಿಯನ್ನೂ ನೋಡಬೇಕು. ದುರಾಸೆಯಿಂದ ಡಕಾಯಿತರನ್ನು ಕೂಡಿಕೊಂಡವನ ದಾರಿ ಅವನನ್ನು ಅಪರಾಧಿಯಾಗಿಸುತ್ತದೆ. ಊರನ್ನು ಉಳಿಸಲು, ಬೇರೆ ಯಾರೂ ಮುಂದೆ ಬಾರದಾಗ, ಬದುಕಿ ಬರುವ ಆಸೆಯನ್ನೂ ಬಿಟ್ಟು ಹೊರಟವನ ದಾರಿ ಅವನನ್ನು ಏನಾಗಿಸುತ್ತದೆ? ಅದೇ ಅಳತೆಗೋಲನ್ನು ಇಲ್ಲಿಗೂ ಹಿಡಿಯಿರಿ.

ಕನ್ನಡ ಓದುಗರಿಗೆ ಈ ಅಳತೆ ಹೊಸದೇನೂ ಅಲ್ಲ. ರಥದ ಚಕ್ರ ನೆಲದಲ್ಲಿ ಹೂತು, ಶಾಪದಿಂದಾಗಿ ಅಸ್ತ್ರ ಮರೆತುಹೋದ ಗಳಿಗೆಯಿಂದ ನಾವು ಕರ್ಣನನ್ನು ತೂಗಿದವರಲ್ಲ. ತನ್ನ ಹುಟ್ಟಿನ ಗುಟ್ಟು ಕೃಷ್ಣನಿಂದ ತಿಳಿದ ಮೇಲೂ, ರಾಜ್ಯವೇ ಎದುರಿಗೆ ಬಂದು ನಿಂತಾಗಲೂ, ಅವನು ದುರ್ಯೋಧನನನ್ನು ಬಿಡದ ಆ ನಿರ್ಧಾರದಿಂದ ತೂಗಿದೆವು. ಪಂಪನ ಕರ್ಣ ನಮ್ಮ ಮನಸ್ಸಿನಲ್ಲಿ ನಿಂತಿರುವುದು ಹಾಗೆ. ಸಭೆಯಲ್ಲಿ ದ್ರೌಪದಿಯ ಬಗ್ಗೆ ಆಡಿದ ಮಾತಿಗೆ ಅವನನ್ನು ದೂರುತ್ತೇವಲ್ಲ, ಅದೂ ಇದೇ ಕಾರಣಕ್ಕೆ. ಆಗ ಅವನ ನಾಲಿಗೆಯ ಮೇಲೆ ಯಾವ ಶಾಪವೂ ಕುಳಿತಿರಲಿಲ್ಲ.

ಫ್ರೋಡೊನನ್ನು ದೂರದವರಲ್ಲೂ ಅನೇಕರು ಇನ್ನೊಂದು ತಪ್ಪಿಗೆ ಬೀಳುತ್ತಾರೆ. ಎಲ್ಲ ಉಂಗುರ ಮಾಡಿಸಿದ್ದು, ಅವನು ಬರೀ ಗೊಂಬೆ ಎನ್ನುವವರಿದ್ದಾರೆ. ಎಲ್ಲ ಮೇಲಿನವನ ಇಚ್ಛೆ, ಗೊಲಮ್ ಬಿದ್ದದ್ದೂ ಅವನ ಚಿತ್ತದಂತೆಯೇ ಎನ್ನುವವರೂ ಇದ್ದಾರೆ. ಟೋಲ್ಕಿನ್ ಕ್ಯಾಥೊಲಿಕ್ ಶ್ರದ್ಧಾವಂತರು ನಿಜ, ದೈವದ ಕೈವಾಡಕ್ಕೆ ಅವರ ಕಥೆಯಲ್ಲಿ ಜಾಗವಿದೆ ನಿಜ. ಆದರೆ ಮಾಫಿ ಕೊಡುವ ನೆಪದಲ್ಲಿ ಈ ವಾದ ಫ್ರೋಡೊನ ಕೈಯಲ್ಲಿದ್ದದ್ದನ್ನೆಲ್ಲ ಕಿತ್ತುಕೊಳ್ಳುತ್ತದೆ. ಉಂಗುರವನ್ನು ಏನು ಮಾಡುವುದೆಂದು ತೀರ್ಮಾನಿಸಲು ಕೂಡಿದ ಎಲ್ರಾಂಡ್‌ನ ಸಭೆಯನ್ನೇ ನೋಡಿ. ಮಧ್ಯಾಹ್ನದ ಗಂಟೆ ಬಾರಿಸಿದೆ, ಎಲ್ಲರ ತಲೆ ತಗ್ಗಿದೆ, ಫ್ರೋಡೊನಿಗೆ ತನಗೆ ಉಂಗುರ ಬಿಟ್ಟುಕೊಟ್ಟ ಬಂಧು ಬಿಲ್ಬೊನ ಪಕ್ಕದಲ್ಲೇ ಉಳಿದುಬಿಡಬೇಕೆಂಬ ತಡೆಯಲಾರದ ಆಸೆ. ಆಗ ಅವನ ಬಾಯಿಂದ ನಾನು ಒಯ್ಯುತ್ತೇನೆ ಎಂಬ ಮಾತು ಹೊರಡುತ್ತದೆ, ಬೇರೆ ಯಾವುದೋ ಇಚ್ಛೆ ತನ್ನ ದನಿಯನ್ನು ಬಳಸಿಕೊಂಡಿತೇನೋ ಎಂದು ಅವನಿಗೇ ಅಚ್ಚರಿಯಾಗುತ್ತದೆ. ವಿಧಿವಾದಿಗಳು ಇಲ್ಲಿಗೆ ಓದು ನಿಲ್ಲಿಸುತ್ತಾರೆ. ಮುಂದಿನ ಸಾಲುಗಳಲ್ಲಿ ಎಲ್ರಾಂಡ್, ಈ ಕೆಲಸ ನಿನಗೇ ಮೀಸಲೆಂದು ನನಗೆ ತೋರುತ್ತದೆ, ಆದರೆ ಇಂಥ ಹೊರೆಯನ್ನು ಒಬ್ಬರ ಮೇಲೆ ಇನ್ನೊಬ್ಬರು ಹೊರಿಸಲಾಗದು, ನಾನೂ ಹೊರಿಸುತ್ತಿಲ್ಲ, ನೀನಾಗಿ ಹೊತ್ತರೆ ನಿನ್ನ ಆಯ್ಕೆ ಸರಿ ಎನ್ನುತ್ತೇನೆ ಎಂದು ಸ್ಪಷ್ಟವಾಗಿ ಹೇಳುತ್ತಾನೆ. ವಿಧಿಯನ್ನೂ ಸ್ವಂತ ಇಚ್ಛೆಯನ್ನೂ ಟೋಲ್ಕಿನ್ ಒಂದೇ ಉಸಿರಿನಲ್ಲಿ ಇಟ್ಟಿದ್ದಾರೆ. ಮುಂದೆ ಆಮೊನ್ ಹೆನ್ ಬೆಟ್ಟದ ಮೇಲೆ ಉಂಗುರ ತೊಟ್ಟು ಕುಳಿತ ಫ್ರೋಡೊನ ಒಳಗೆ ಎರಡು ಮಹಾಶಕ್ತಿಗಳು ಎಳೆದಾಡುತ್ತವೆ. ಎರಡರ ಜಗ್ಗಾಟ ಸರಿಸಮವಾದ ಒಂದು ಕ್ಷಣದಲ್ಲಿ ಅವನಿಗೆ ತಾನು ಫ್ರೋಡೊ ಎಂಬ ಅರಿವು ಮರಳುತ್ತದೆ. ಆರಿಸಿಕೊಳ್ಳಲು ಅವನಿಗಿದ್ದದ್ದು ಆ ಒಂದೇ ಕ್ಷಣ, ಅವನು ಉಂಗುರ ಕಳಚುತ್ತಾನೆ. ಗೊಂಬೆಗೆ ಇಂಥ ಕ್ಷಣ ಇರುವುದಿಲ್ಲ. ಆಮೊನ್ ಹೆನ್ ಮೇಲೆ ಇದ್ದ ಸ್ವಾತಂತ್ರ್ಯ ಬೆಂಕಿಯ ಬಾಯಲ್ಲಿ ಇರಲಿಲ್ಲ, ಅಷ್ಟೇ. ಒಂದೇ ಮನುಷ್ಯನಿಗೆ ಒಂದೆಡೆ ಇಚ್ಛಾಸ್ವಾತಂತ್ರ್ಯ ಇದ್ದು ಇನ್ನೊಂದೆಡೆ ಇಲ್ಲದಿರುವುದು ಸಾಧ್ಯ. ಈ ಸರಳ ಸಂಗತಿಯನ್ನು ಎರಡೂ ಕಡೆಯವರು ಒಪ್ಪುವುದಿಲ್ಲ.

ಹಾಗಾದರೆ ಗೊಲಮ್ ಅಲ್ಲಿಗೆ ಬಂದದ್ದು? ಅದೃಷ್ಟ ಎನ್ನುವವರು ಉತ್ತರಿಸಬೇಕಾದದ್ದು ಇಲ್ಲಿ. ಕಥೆಯ ಆರಂಭದಲ್ಲಿ, ಸಿಕ್ಕಿದಾಗಲೇ ಬಿಲ್ಬೊ ಆ ಪ್ರಾಣಿಯನ್ನು ಕೊಂದುಹಾಕಬಾರದಿತ್ತೇ ಎಂದು ಒರಟಾಗಿ ಕೇಳಿದವನು ಇದೇ ಫ್ರೋಡೊ. ಗ್ಯಾಂಡಾಲ್ಫ್ ಆಗ ಕರುಣೆಯ ಮಾತಾಡಿದರೂ ಫ್ರೋಡೊನ ಎದೆಗೆ ಅದು ಇಳಿಯಲಿಲ್ಲ. ತಿಂಗಳುಗಳ ಮೇಲೆ ಎಮಿನ್ ಮುಯಿಲ್‌ನ ಬಂಡೆಗಳ ನಡುವೆ ಗೊಲಮ್ ನಿಜವಾಗಿ ಕೈಗೆ ಸಿಕ್ಕಿದಾಗ, ಅವನನ್ನು ಕಣ್ಣಾರೆ ಕಂಡ ಮೇಲೆ ಕರುಣೆ ಬರುತ್ತಿದೆ ಎನ್ನುತ್ತಾನೆ. ಈ ಬದಲಾವಣೆಯನ್ನು ಯಾವ ಉಂಗುರವೂ ಮಾಡಿಸಲಿಲ್ಲ. ಉಂಗುರ ಎಳೆಯುತ್ತಿದ್ದದ್ದು ಇದಕ್ಕೆ ತೀರ ವಿರುದ್ಧ ದಿಕ್ಕಿಗೆ. ಆಮೇಲೆ ಹೆನೆತ್ ಅನೂನ್‌ನ ಕೊಳ. ಬೆಳದಿಂಗಳಲ್ಲಿ ಗೊಲಮ್ ಮೀನು ಹಿಡಿದು ತಿನ್ನುತ್ತಿದ್ದಾನೆ, ಮೇಲೆ ಆ ತಾಣವನ್ನು ಕಾಯುವ ದಳಪತಿ ಫರಾಮಿರ್‌ನ ಬಿಲ್ಲುಗಾರರು ಬಾಣ ಹೂಡಿ ನಿಂತಿದ್ದಾರೆ. ಒಂದು ಬಾಣ ನೆಟ್ಟರೆ ಆ ಪೀಡೆಯ ದನಿ ಶಾಶ್ವತವಾಗಿ ಅಡಗುತ್ತದೆ ಎಂಬ ಯೋಚನೆ ಫ್ರೋಡೊನ ತಲೆಯಲ್ಲೂ ಸುಳಿಯುತ್ತದೆ. ಅವನು ಸುಮ್ಮನಿದ್ದರೆ ಸಾಕಿತ್ತು, ಕೈಗೆ ರಕ್ತ ಹತ್ತುತ್ತಿರಲಿಲ್ಲ. ಆದರೆ ಅವನು ಗೊಲಮ್‌ನ ಪ್ರಾಣ ಬೇಡಿಕೊಂಡು, ತಾನೇ ಕೊಳದ ಅಂಚಿಗೆ ಇಳಿದುಹೋಗಿ ಅವನನ್ನು ಕರೆದು ತರುತ್ತಾನೆ. ಇದು ಅವನ ಸ್ವಂತ ಆಯ್ಕೆ, ಪೂರ್ತಿ ಅವನದೇ. ಆ ಆಯ್ಕೆ ಆಗದಿದ್ದರೆ ಬೆಂಕಿಬೆಟ್ಟದಲ್ಲಿ ಬೆರಳು ಕಚ್ಚಲು ಯಾರೂ ಇರುತ್ತಿರಲಿಲ್ಲ. ಗೆಲುವು ಅದೃಷ್ಟದಿಂದ ಬಂತು ಎನ್ನುವವರು ಆ ಅದೃಷ್ಟವನ್ನು ಪ್ರಾಣಸಹಿತ ಅಲ್ಲಿಯವರೆಗೆ ಉಳಿಸಿದವರು ಯಾರು ಎಂಬುದನ್ನು ಮರೆಯುತ್ತಾರೆ.

ಫ್ರೋಡೊನನ್ನು ನಿಜವಾಗಿ ಪ್ರಶ್ನಿಸಬೇಕಾದ ಜಾಗ ಬೇರೆ ಇದೆ. ಬೆಂಕಿಬೆಟ್ಟದ ಇಳಿಜಾರಿನಲ್ಲಿ ಗೊಲಮ್ ಮೈಮೇಲೆ ಬಿದ್ದಾಗ ಫ್ರೋಡೊ ಉಂಗುರವನ್ನು ಎದೆಗೆ ಅವಚಿಕೊಂಡು, ಇನ್ನೊಮ್ಮೆ ನನ್ನನ್ನು ಮುಟ್ಟಿದರೆ ನೀನೇ ಬೆಂಕಿಗೆ ಬೀಳುತ್ತೀಯ ಎಂದು ಶಾಪದಂಥ ಮಾತಾಡುತ್ತಾನೆ. ಅದಕ್ಕೂ ಮೊದಲು ಉಂಗುರದ ಭಯವನ್ನೇ ತೋರಿಸಿ ಗೊಲಮ್‌ನನ್ನು ಆಳಿದ್ದಾನೆ, ಅದರ ಮೇಲೆ ಆಣೆ ಮಾಡಿಸಿದ್ದಾನೆ. ಆಣೆ ಮಾಡಿಸಿದಾಗ ಅವನಿಗೆ ಅವನ ಬುದ್ಧಿ ಇತ್ತು. ನಾಶಮಾಡಲು ಒಯ್ಯುತ್ತಿರುವ ಶಕ್ತಿಯನ್ನೇ ಹೆದರಿಸಲು ಬಳಸಿದ್ದು ಶುದ್ಧವಾದ ಕೆಲಸವಲ್ಲ, ಅದಕ್ಕೆ ಅವನು ಉತ್ತರ ಹೇಳಬೇಕು. ಕೊನೆಯ ಗಳಿಗೆಯನ್ನೇ ಹಿಡಿದು ಜಗ್ಗುವವರಿಗೆ ಈ ಪ್ರಶ್ನೆ ಹೊಳೆದಿಲ್ಲ.

ಸ್ಯಾಮ್‌ನ ಬಗ್ಗೆ ನನಗೆ ಅಪಾರ ಪ್ರೀತಿ. ಟೋಲ್ಕಿನ್ 1951ರ ಒಂದು ಪತ್ರದಲ್ಲಿ ಅವನನ್ನು ಮುಖ್ಯ ನಾಯಕ ಎಂದದ್ದೂ ಉಂಟು. ಆದರೆ ಅದರಿಂದ ಫ್ರೋಡೊ ಸೋತನೆಂದು ಸಿದ್ಧವಾಗುವುದಿಲ್ಲ. ಸ್ಯಾಮ್ ಉಂಗುರವನ್ನು ಹೊತ್ತದ್ದು ಒಂದೆರಡು ದಿನ. ಫ್ರೋಡೊನ ಬಳಿ ಅದು 17 ವರ್ಷ ಇತ್ತು, ಅದರ ಮೇಲೆ ಈ ಪ್ರಯಾಣ. ಅಷ್ಟು ಸ್ವಲ್ಪ ಕಾಲದಲ್ಲೇ ಸ್ಯಾಮ್‌ಗೆ ಉಂಗುರ ಹಿಂತಿರುಗಿಸಲು ಮನಸ್ಸು ಅಳುಕಿತು. ಇನ್ನು ಕಿರಿತ್ ಉಂಗೋಲ್‌ನ ಮೆಟ್ಟಿಲುಗಳ ಮೇಲೆ ನಡೆದದ್ದು: ಇಬ್ಬರೂ ಮಲಗಿರುವಾಗ ಗೊಲಮ್ ಬಂದು ನಿಲ್ಲುತ್ತಾನೆ, ಅವನ ಮುಖದ ಕ್ರೌರ್ಯ ಕರಗಿ ಒಬ್ಬ ದಣಿದ ಮುದುಕನ ಮುಖವಾಗುತ್ತದೆ, ಅಳುಕುತ್ತ ಫ್ರೋಡೊನ ಮೊಣಕಾಲು ಮುಟ್ಟುತ್ತಾನೆ. ಎಚ್ಚರಗೊಂಡ ಸ್ಯಾಮ್ ಕಳ್ಳನೆಂಬಂತೆ ಗದರುತ್ತಾನೆ. ಗೊಲಮ್ ತಿದ್ದಿಕೊಳ್ಳಬಹುದಾಗಿದ್ದ ಆ ಒಂದು ಗಳಿಗೆ ಮುರಿದುಬೀಳುತ್ತದೆ. ಇಡೀ ಕಥೆಯ ಅತಿ ದುರಂತದ ಗಳಿಗೆಗಳಲ್ಲಿ ಇದನ್ನು ಟೋಲ್ಕಿನ್ ಎಣಿಸಿದ್ದರು. ಇದಕ್ಕಾಗಿ ಸ್ಯಾಮ್‌ನನ್ನು ಯಾರೂ ಸೋತವನೆನ್ನುವುದಿಲ್ಲ, ಎನ್ನಬೇಕಾಗಿಯೂ ಇಲ್ಲ. ಕೊನೆಗೆ ಬೆಟ್ಟದ ಮೇಲೆ ಅದೇ ಗೊಲಮ್ ಅವನ ಕತ್ತಿಯ ಮೊನೆಗೆ ಸಿಕ್ಕಾಗ ಸ್ಯಾಮ್ ಇರಿಯಲಾರದೆ ಹೋದ. ಸ್ವಲ್ಪ ಹೊತ್ತಾದರೂ ಉಂಗುರ ಹೊತ್ತಿದ್ದರಿಂದ ಗೊಲಮ್‌ನ ಸಂಕಟ ಎಂಥದಿರಬಹುದೆಂದು ಅವನಿಗೆ ಮಸುಕಾಗಿಯಾದರೂ ತಿಳಿದಿತ್ತು. ಹೊತ್ತು ನೋಡಿದ ಸ್ಯಾಮ್‌ಗೆ ಇದ್ದ ಈ ತಿಳಿವಳಿಕೆ ಅವನ ಅಭಿಮಾನಿಗಳಿಗೆ ಇಲ್ಲ.

ಫ್ರೋಡೊನಿಗೇ ತಾನು ಸೋತೆನೆಂದು ಅನಿಸಿತ್ತಲ್ಲ, ಮತ್ತೆ ನಿಮ್ಮ ವಕಾಲತ್ತು ಏಕೆ ಎಂದೂ ಕೇಳಬಹುದು. ಅವನು ನೆಮ್ಮದಿಯಿಂದ ಬಾಳಲಿಲ್ಲ ನಿಜ. ಗಾಯಗೊಂಡ ದಿನ ವರ್ಷ ವರ್ಷ ಮರಳಿ ಬಂದಾಗ ಹಾಸಿಗೆ ಹಿಡಿಯುತ್ತಿದ್ದ, ಕೊನೆಗೆ ಊರನ್ನೇ ಬಿಟ್ಟ. ತತ್ವಶಾಸ್ತ್ರಜ್ಞ ಬರ್ನಾರ್ಡ್ ವಿಲಿಯಮ್ಸ್ 1976ರಲ್ಲಿ ಒಬ್ಬ ಲಾರಿ ಚಾಲಕನ ಉದಾಹರಣೆ ಕೊಟ್ಟಿದ್ದರು. ತನ್ನದೇನೂ ತಪ್ಪಿಲ್ಲದೆ ಅವನ ಲಾರಿಗೆ ಸಿಕ್ಕಿ ಮಗುವೊಂದು ಸಾಯುತ್ತದೆ. ನೋಡುತ್ತ ನಿಂತವರಿಗಾಗುವ ದುಃಖವೇ ಬೇರೆ, ಚಾಲಕನಿಗಾಗುವ ದುಃಖವೇ ಬೇರೆ, ಏಕೆಂದರೆ ಅದು ಅವನ ಕೈಯಿಂದ ಆಯಿತು. ಆ ಸಂಕಟ ಅವನ ಒಳ್ಳೆಯತನದ ಗುರುತು, ಅಪರಾಧದ ಪುರಾವೆಯಲ್ಲ. ಚಾಲಕ ಅತ್ತನೆಂದು ಅವನನ್ನು ಜೈಲಿಗೆ ಹಾಕುತ್ತೇವೆಯೇ?

ಟೋಲ್ಕಿನ್ ತಮ್ಮ ಉತ್ತರವನ್ನು 1950ರ ದಶಕದ ಪತ್ರಗಳಲ್ಲೂ 1963ರ ಒಂದು ದೀರ್ಘ ಪತ್ರದಲ್ಲೂ ಬರೆದಿಟ್ಟಿದ್ದಾರೆ. ಹೊರೆಯನ್ನು ತಾನಾಗಿ ಹೊತ್ತು, ಮೈಮನಸ್ಸುಗಳ ಶಕ್ತಿಯನ್ನೆಲ್ಲ ಸವೆಸಿದವನ ಸೋಲು ನೈತಿಕ ಸೋಲಲ್ಲ, ಬಂಡೆ ಬಿದ್ದು ಮೈ ಜಜ್ಜಿಹೋದಂತೆ ಅವನ ಮನಸ್ಸು ಜಜ್ಜಿಹೋಯಿತು ಎಂಬುದು ಅವರ ನಿಲುವು. ಕೊರಿಯಾ ಯುದ್ಧದ ಸೆರೆಯಾಳುಗಳ ತಲೆಕೆಡಿಸಿದ ಸುದ್ದಿಗಳು ಆಗಿನ ಪತ್ರಿಕೆಗಳಲ್ಲಿ ತುಂಬಿದ್ದವು, ಇಂಥ ತಲೆಕೆಡಿಸುವಿಕೆಯತ್ತ ಟೋಲ್ಕಿನ್ ಕೂಡ ಬೆರಳು ತೋರಿದ್ದಾರೆ. 1916ರ ಸೋಮ್ ಕಾಳಗದಲ್ಲಿದ್ದ ಅವರಿಗೆ ಮನುಷ್ಯ ಮುರಿಯುವುದೆಂದರೆ ಏನೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ನಮ್ಮ ಕಾನೂನಿಗೂ ಇದು ಗೊತ್ತಿತ್ತು: ಪೊಲೀಸರ ಎದುರು ಆರೋಪಿ ಒಪ್ಪಿಕೊಂಡದ್ದನ್ನು ಅವನ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂದು ನಮ್ಮ ಸಾಕ್ಷ್ಯ ಕಾಯ್ದೆ 1872ರಲ್ಲೇ ಹೇಳಿತು. ಒತ್ತಡದಲ್ಲಿ ಹೊರಬಿದ್ದ ಮಾತು ಮಾತಾಡಿದವನದ್ದೇ ಆಗಿರಬೇಕಿಲ್ಲ ಎಂಬ ತಿಳಿವಳಿಕೆ ಅದರ ಹಿಂದಿದೆ. ಹಿಂಸೆಗೆ ಬಾಯಿಬಿಟ್ಟವರನ್ನು, ಚಟಕ್ಕೆ ಮರಳಿ ಬಿದ್ದವರನ್ನು, ಶಿಬಿರಗಳಲ್ಲಿ ಕುಸಿದವರನ್ನು ಕೊನೆಯ ಗಳಿಗೆಯೊಂದರಿಂದ ಅಳೆದು ಬಿಸಾಡುವ ಚಾಳಿ ನಮ್ಮ ಸುತ್ತ ಬಲವಾಗಿದೆ. ಕಥೆಯೊಂದರ ಹಾಬಿಟ್‌ನ ಮೇಲೆ ನಡೆಯುವ ತೀರ್ಪು ಆ ಚಾಳಿಯನ್ನೇ ಬೆಳೆಸುತ್ತದೆ ಎಂಬುದು ನನ್ನ ದೊಡ್ಡ ತಕರಾರು.

ಉಂಗುರ ಇಲ್ಲವಾದ ಮೇಲೆ ಫ್ರೋಡೊನ ಇಚ್ಛೆ ಅವನ ಕೈಗೆ ಮರಳಿತು. ಆಗ ಅವನು ಏನನ್ನು ಆರಿಸಿಕೊಂಡ? ತನ್ನ ನಾಡಾದ ಶೈರ್‌ಗೆ ಹಿಂತಿರುಗಿದರೆ ಊರು ಪುಂಡರ ವಶವಾಗಿದೆ, ಮರಗಳನ್ನು ಕಡಿದಿದ್ದಾರೆ, ಮನೆಗಳನ್ನು ಕೆಡವಿದ್ದಾರೆ. ಊರವರು ಕಾದಾಡುವಾಗ ಫ್ರೋಡೊ ಕತ್ತಿ ಹಿರಿಯಲಿಲ್ಲ, ಶರಣಾದವರನ್ನು ಸಿಟ್ಟಿನಲ್ಲಿ ಕೊಲ್ಲದಂತೆ ತನ್ನವರನ್ನೇ ತಡೆದ. ಇದಕ್ಕೆಲ್ಲ ಕಾರಣನಾದ ಸರುಮಾನ್ ಅವನ ಮನೆಯ ಬಾಗಿಲಲ್ಲೇ ಅವನಿಗೆ ಚೂರಿ ಹಾಕಿದ. ಒಳಗಿನ ಕವಚ ಕಾಪಾಡಿತು. ಸ್ಯಾಮ್ ಕತ್ತಿ ಹಿರಿದ, ಫ್ರೋಡೊ ಬೇಡವೆಂದು ತಡೆದು ಸರುಮಾನ್‌ನನ್ನು ಹೋಗಗೊಟ್ಟ. ಕೊಳದ ಅಂಚಿನಲ್ಲಿ ಗೊಲಮ್‌ಗೆ ತೋರಿದ ಕರುಣೆಯೇ ಇದು, ಯಾವ ಒತ್ತಡವೂ ಇಲ್ಲದಾಗ ಬಂದದ್ದು. ಸಿನಿಮಾ ಈ ಭಾಗವನ್ನು ಪೂರ್ತಿ ಕೈಬಿಟ್ಟಿದೆ. ಫ್ರೋಡೊ ಎಂಥವನೆಂದು ತೀರ್ಪು ಕೊಡಲು ಹೊರಟವರು ಮೊದಲು ಪುಸ್ತಕದ ಈ ಅಧ್ಯಾಯವನ್ನು ಓದಲಿ.